ಚಿಕ್ಕ ಮಕ್ಕಳಿಗೆ ಚರ್ಚಾಕೂಟ

ಸಂಜೆ ಏಳು ಗಂಟೆಯ ಹೊತ್ತು ಎಂದಿಟ್ಟುಕೊಳ್ಳಿ. ನಿಮ್ಮ ನಡುಮನೆಯಲ್ಲಿ ರೇಡಿಯೋ ಹಾಡುತ್ತಿದೆ. ಐದನೆಯ ತರಗತಿಯ ಮಗಳಿಗೆ ಚಿತ್ರಗೀತೆ ಬೇಕು; ಮೂರನೆಯ ತರಗತಿಯ ಮಗನಿಗೆ ಕ್ರಿಕೆಟ್ಟಿನ ವೀಕ್ಷಕ ವಿವರಣೆ ಬೇಕು. ಒಬ್ಬರು ಗುಂಡಿಯನ್ನು ಅತ್ತ ತಿರುಗಿಸಿದರೆ ಇನ್ನೊಬ್ಬರು ಇತ್ತ ತಿರುಗಿಸುತ್ತಾರೆ. “ನಿನ್ನೆಯೂ ಇವನೇ ಕೇಳಿದ!” “ಅಕ್ಕ ಯಾವಾಗಲೂ ಹೀಗೇ!” ದನಿ ಏರುತ್ತದೆ, ಕೈಯೂ ಏಳುವ ಹೊತ್ತಿಗೆ ಒಳಗಿನಿಂದ ಹಿರಿಯರೊಬ್ಬರು ಬಂದು ರೇಡಿಯೋವನ್ನೇ ನಿಲ್ಲಿಸಿಬಿಡುತ್ತಾರೆ. “ಇಬ್ಬರಿಗೂ ಬೇಡ, ಹೋಗಿ ಓದಿಕೊಳ್ಳಿ.” ಮನೆ ಶಾಂತವಾಗುತ್ತದೆ.

ಶಾಂತವಾಗುತ್ತದೆ, ನಿಜ. ಆದರೆ ಆ ಇಬ್ಬರು ಮಕ್ಕಳಿಗೂ ಹೇಳಬೇಕಾದ ಮಾತು ಇತ್ತು. ನಿನ್ನೆ ಯಾರ ಸರದಿ ಆಗಿತ್ತು, ಇಂದಿನ ಆಟ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಹಾಡು ನಾಳೆಯೂ ಬಂದೀತು ಆದರೆ ಇಂದಿನ ಆಟ ನಾಳೆ ಬಾರದು—ಇವೆಲ್ಲ ತೂಗಿ ನೋಡತಕ್ಕ ಕಾರಣಗಳೇ. ಅವನ್ನು ಕ್ರಮವಾಗಿ ಹೇಳುವ ಬಗೆಯನ್ನು ಮಕ್ಕಳಿಗೆ ಯಾರೂ ಕಲಿಸಿರಲಿಲ್ಲ, ಆದುದರಿಂದ ಕೂಗಿದರು. ಅವರಿಗೆ ಅಂದು ದೊರೆತ ಪಾಠ ಇಷ್ಟೆ: ಗಟ್ಟಿಯಾಗಿ ಕೂಗಿದವರು ಗೆಲ್ಲುತ್ತಾರೆ, ಅವರಿಗಿಂತ ದೊಡ್ಡವರು ಬಂದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತದೆ.

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಊಟ ಮಾಡುವ ಕ್ರಮವನ್ನು ನಾವು ಮಕ್ಕಳಿಗೆ ತುತ್ತು ತುತ್ತಿಗೂ ಹೇಳಿಕೊಡುತ್ತೇವೆ. ಮಾತಿನ ಕ್ರಮ ಮಾತ್ರ ತಾನಾಗಿಯೇ ಬಂದೀತೆಂದು ಬಿಟ್ಟುಬಿಡುತ್ತೇವೆ. ಚರ್ಚಾಕೂಟವೆಂದರೆ ಪ್ರೌಢಶಾಲೆ, ಕಾಲೇಜುಗಳ ಬಾಬತ್ತು, ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಥೆ, ಹಾಡು, ಕಂಠಪಾಠ ಇಷ್ಟು ಸಾಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹಲವು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ ನನ್ನ ಅನುಭವ ಹಾಗಿಲ್ಲ. ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಕ್ರಮಬದ್ಧವಾದ ಚರ್ಚೆಯನ್ನು ಕಲಿಸಬಹುದು. ಕಲಿಸುವ ಬಗೆಯೊಂದು ಸರಿಯಾಗಿರಬೇಕು, ಅಷ್ಟೆ. ಅದು ಹೇಗೆಂಬುದನ್ನು ತಂದೆತಾಯಿಗಳಾದ ನಿಮ್ಮ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಗಿಳಿಪಾಠದ ಚರ್ಚೆ

ಮೊದಲು, ಸರಿಯಲ್ಲದ ಬಗೆ ಯಾವುದೆಂದು ಹೇಳಿಬಿಡುತ್ತೇನೆ. ಅದಕ್ಕೆ ನಾನೇ ಉದಾಹರಣೆ.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ “ಖಡ್ಗ ಮೇಲೋ ಲೇಖನಿ ಮೇಲೋ” ಎಂಬ ಚರ್ಚೆಯನ್ನು ಏರ್ಪಡಿಸಿದ್ದರು. ಎರಡು ಪಕ್ಷದ ಭಾಷಣಗಳನ್ನೂ ಮೇಷ್ಟರೇ ಬರೆದುಕೊಟ್ಟರು. ನಾವು ಹದಿನೈದು ದಿನ ಬಾಯಿಪಾಠ ಮಾಡಿದೆವು. ಆ ದಿನ ಸಭೆ ತುಂಬಿತ್ತು. ಖಡ್ಗದ ಪಕ್ಷದ ಹುಡುಗ ಎದ್ದು ನಿಂತು “ಮಾನ್ಯ ಅಧ್ಯಕ್ಷರೇ” ಎಂದವನು ಮುಂದಿನ ಮಾತು ಮರೆತು ನಿಂತುಬಿಟ್ಟ. ಒಂದು ನಿಮಿಷ ಕಳೆದ ಮೇಲೆ ಅವನನ್ನು ಕೂರಿಸಿದರು. ಕೂಡಲೇ ನಾನು ಎದ್ದು, ಬರೆದುಕೊಟ್ಟಂತೆಯೇ, “ನನ್ನ ಮಿತ್ರರು ಈಗ ತಾನೇ ಮಂಡಿಸಿದ ವಾದ ಎಷ್ಟು ಪೊಳ್ಳಾದುದೆಂದು ತೋರಿಸುತ್ತೇನೆ” ಎಂದು ಕೈಯೆತ್ತಿ ಆರಂಭಿಸಿದೆ. ಮಿತ್ರರು ಮಂಡಿಸಿದ ವಾದವೇ ಇರಲಿಲ್ಲ. ಸಭೆ ಗೊಳ್ಳೆಂದು ನಕ್ಕಿತು. ನಾನು ನಿಲ್ಲಿಸದೆ ಕೊನೆಯವರೆಗೂ ಒಪ್ಪಿಸಿದೆ. ಮೊದಲ ಬಹುಮಾನವೆಂದು ಒಂದು ಸ್ಟೀಲಿನ ಲೋಟ ನನಗೆ ಬಂತು. ಆ ಹುಡುಗ ವೇದಿಕೆಯ ಹಿಂದೆ ಗೋಡೆಗೆ ಮುಖವಿಟ್ಟು ಅಳುತ್ತಿದ್ದುದನ್ನು ನಾನು ನೋಡಿದೆ. ಅನಂತರ ಅವನು ಶಾಲೆ ಬಿಡುವವರೆಗೆ ಯಾವ ವೇದಿಕೆಯನ್ನೂ ಹತ್ತಲಿಲ್ಲ. ಆಟದ ಬಯಲಿನಲ್ಲಿ ನನಗಿಂತ ಚುರುಕಾಗಿ ಮಾತನಾಡುತ್ತಿದ್ದವನು ಅವನು.

ಇಂಥ ಕಾರ್ಯಕ್ರಮದಲ್ಲಿ ಮಕ್ಕಳು ಕಲಿಯುವುದೇನು? ಯಾರೋ ಯೋಚಿಸಿದುದನ್ನು ಒಪ್ಪಿಸುವುದು, ಎದುರಿನವರ ಮಾತನ್ನು ಕೇಳದೆಯೇ ಉತ್ತರ ಕೊಡುವುದು, ಇಷ್ಟನ್ನೇ. ಚರ್ಚೆಗೆ ಇವೆರಡೂ ಶತ್ರುಗಳು. ಭಾಷಣಸ್ಪರ್ಧೆ, ಕಂಠಪಾಠಗಳು ತಮ್ಮಷ್ಟಕ್ಕೆ ಒಳ್ಳೆಯವೇ. ಅವು ಉಚ್ಚಾರವನ್ನೂ ಧೈರ್ಯವನ್ನೂ ಬೆಳೆಸುತ್ತವೆ. ಆದರೆ ಅವಕ್ಕೆ ಚರ್ಚೆಯೆಂಬ ಹೆಸರಿಟ್ಟರೆ ಮಕ್ಕಳು ಚರ್ಚೆಯ ರುಚಿಯನ್ನೇ ಅರಿಯದೆ ಹೋಗುತ್ತಾರೆ.

ವಾದ, ಜಲ್ಪ, ವಿತಂಡ

ಇಂದು ಶಾಲೆ ಕಾಲೇಜುಗಳಲ್ಲಿ ಕಾಣುವ ಚರ್ಚಾಕೂಟದ ಮಾದರಿ ಬಹುಮಟ್ಟಿಗೆ ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳಿಂದ ಬಂದದ್ದು. ಕೇಂಬ್ರಿಜ್ ಯೂನಿಯನ್ ಎಂಬ ಚರ್ಚಾಸಂಘ ೧೮೧೫ರಲ್ಲಿಯೂ ಆಕ್ಸ್‌ಫರ್ಡಿನ ಸಂಘ ೧೮೨೩ರಲ್ಲಿಯೂ ಹುಟ್ಟಿದವು. ಶಾಲಾಮಕ್ಕಳ ವಿಶ್ವ ಚರ್ಚಾಸ್ಪರ್ಧೆಯೊಂದು ೧೯೮೮ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾಯಿತು. ಅದರಲ್ಲಿ ಪಕ್ಷಕ್ಕೆ ಮೂವರು, ಒಬ್ಬೊಬ್ಬರಿಗೂ ಎಂಟು ನಿಮಿಷ.

ಆದರೆ ಚರ್ಚೆಯ ಶಾಸ್ತ್ರ ನಮಗೆ ಹೊರಗಿನಿಂದ ಬಂದುದೇನೂ ಅಲ್ಲ. ಗೌತಮನ ನ್ಯಾಯಸೂತ್ರಗಳು ಮಾತಿನ ಮೂರು ಬಗೆಗಳನ್ನು ಬೇರೆ ಬೇರೆಯಾಗಿ ಗುರುತಿಸಿವೆ. ಸತ್ಯವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ. ಹೇಗಾದರೂ ಗೆಲ್ಲಬೇಕೆಂದು ನಡೆಯುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವನ ಮಾತನ್ನು ಕೆಡವುವುದಕ್ಕಾಗಿಯೇ ನಡೆಯುವುದು ವಿತಂಡ. “ವಿತಂಡವಾದ ಮಾಡಬೇಡ” ಎಂದು ಮನೆಯಲ್ಲಿ ನಾವು ಮಕ್ಕಳನ್ನು ಗದರಿಸುವಾಗ ನಮಗೆ ತಿಳಿಯದೆಯೇ ಆ ಶಾಸ್ತ್ರದ ಮಾತನ್ನೇ ಆಡುತ್ತಿರುತ್ತೇವೆ. ವಿತಂಡ ಬೇಡವೆಂದು ಹೇಳುವುದರ ಜೊತೆಗೆ ವಾದವೆಂದರೆ ಏನೆಂದು ತೋರಿಸಿಕೊಡುವುದೂ ನಮ್ಮ ಕರ್ತವ್ಯವಲ್ಲವೆ?

ಅದೇ ಶಾಸ್ತ್ರ ವಾದಕ್ಕೆ ಐದು ಅಂಗಗಳನ್ನು ಹೇಳುತ್ತದೆ. ಬೆಟ್ಟದಲ್ಲಿ ಬೆಂಕಿ ಇದೆ ಎಂಬುದು ಪ್ರತಿಜ್ಞೆ. ಹೊಗೆ ಕಾಣುವುದರಿಂದ ಎಂಬುದು ಹೇತು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ ಎಂಬುದು ಉದಾಹರಣೆ. ಈ ಬೆಟ್ಟದಲ್ಲಿಯೂ ಅಂಥ ಹೊಗೆಯೇ ಇದೆ ಎಂಬುದು ಉಪನಯ. ಆದುದರಿಂದ ಬೆಟ್ಟದಲ್ಲಿ ಬೆಂಕಿ ಇದೆ ಎಂಬುದು ನಿಗಮನ. ಹೆಸರುಗಳನ್ನು ಬದಿಗಿಡಿ, ಅವು ಮಕ್ಕಳಿಗೆ ಬೇಡ. ಮೊದಲ ಮೂರು ಅಂಗಗಳ ಹುರುಳನ್ನು ಎಂಟು ವರ್ಷದ ಮಗು ಸಲೀಸಾಗಿ ಹಿಡಿಯುತ್ತದೆ: ನನ್ನ ಮಾತು ಏನು, ಏಕೆ, ಎಲ್ಲಿ ಕಂಡೆ.

ನ್ಯಾಯಶಾಸ್ತ್ರದ ಇನ್ನೊಂದು ಪದ್ಧತಿಯೂ ಇಲ್ಲಿ ಉಪಯುಕ್ತ. ತನ್ನ ಸಿದ್ಧಾಂತವನ್ನು ಹೇಳುವ ಮೊದಲು ಎದುರು ಪಕ್ಷದ ಮಾತನ್ನು—ಪೂರ್ವಪಕ್ಷವನ್ನು—ತಾನೇ ನ್ಯಾಯವಾಗಿ ಎತ್ತಿ ಹೇಳಬೇಕು. ಎದುರಿನವನು ಕೇಳಿ “ಹೌದು, ನಾನು ಹೇಳಿದ್ದು ಇದನ್ನೇ” ಎನ್ನುವಂತಿರಬೇಕು. ದೊಡ್ಡವರ ಸಭೆಗಳಲ್ಲಿಯೂ ಈ ಗುಣ ಅಪರೂಪ.

ಮೊದಲ ಮೆಟ್ಟಿಲುಗಳು

ವೇದಿಕೆ, ಮೇಜು, ಗಂಟೆ ಇವುಗಳಿಂದ ಆರಂಭಿಸಬಾರದು. ಮೂರನೆಯ ನಾಲ್ಕನೆಯ ತರಗತಿಗೆ ಒಂದು ಸೀಮೆಸುಣ್ಣ ಸಾಕು. ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. “ಬೇಸಗೆಯ ರಜೆಗಿಂತ ಮಳೆಗಾಲದಲ್ಲಿ ರಜೆ ಕೊಡುವುದು ಒಳ್ಳೆಯದು” ಎಂದು ಹೇಳಿ, ಹೌದೆನ್ನುವವರು ಗೆರೆಯ ಈ ಬದಿಗೆ, ಅಲ್ಲವೆನ್ನುವವರು ಆ ಬದಿಗೆ ನಿಲ್ಲಲಿ. ಈಗ ಒಬ್ಬೊಬ್ಬರೂ “ಏಕೆಂದರೆ” ಎಂದು ಆರಂಭಿಸಿ ಒಂದೇ ಒಂದು ಕಾರಣ ಹೇಳಬೇಕು. ಇನ್ನೊಬ್ಬರ ಕಾರಣ ಮನಸ್ಸಿಗೆ ಒಪ್ಪಿದರೆ ಯಾರು ಬೇಕಾದರೂ ಗೆರೆ ದಾಟಬಹುದು. ಮೊದಲ ದಿನ ಗೆಳೆಯ ಎಲ್ಲಿದ್ದಾನೋ ಅಲ್ಲಿಗೇ ಎಲ್ಲರೂ ಓಡುತ್ತಾರೆ. ನಾಲ್ಕನೆಯ ಸಲಕ್ಕೆ ಒಂದು ಮಗು, “ಮಳೆಗಾಲದಲ್ಲಿ ರಜೆ ಕೊಟ್ಟರೆ ಅಜ್ಜಿಯ ಊರಿನ ಹೊಳೆ ದಾಟೋದಕ್ಕೆ ಆಗಲ್ಲ” ಎಂಬ ಮಾತು ಕೇಳಿ, ತಲೆ ಕೆರೆದುಕೊಂಡು ಒಬ್ಬನೇ ಗೆರೆ ದಾಟುತ್ತದೆ. ಆಗ ಮೇಷ್ಟರು ಆ ಮಗುವನ್ನು ಮೆಚ್ಚಿಕೊಳ್ಳಬೇಕು. ಕಾರಣ ಕೇಳಿ ಮನಸ್ಸು ಬದಲಿಸುವುದು ಸೋಲಲ್ಲ ಎಂಬುದು ಆ ವಯಸ್ಸಿನಲ್ಲಿ ಕಾಲಿನ ಮೂಲಕ ತಿಳಿದಷ್ಟು ಚೆನ್ನಾಗಿ ಕಿವಿಯ ಮೂಲಕ ತಿಳಿಯದು.

ಎರಡನೆಯ ಮೆಟ್ಟಿಲು, ಕೇಳಿಸಿಕೊಂಡದ್ದನ್ನು ತಿರುಗಿ ಹೇಳುವುದು. ಇಬ್ಬಿಬ್ಬರನ್ನು ಕೂರಿಸಿ. ಒಬ್ಬಳು ತನ್ನ ಮಾತನ್ನೂ ಕಾರಣವನ್ನೂ ಹೇಳಲಿ. ಮತ್ತೊಬ್ಬ ಉತ್ತರ ಕೊಡುವ ಮೊದಲು “ನೀನು ಹೇಳಿದ್ದು ಹೀಗೆ” ಎಂದು ಆಕೆಯ ಮಾತನ್ನು ತನ್ನ ಮಾತಿನಲ್ಲಿ ಹೇಳಬೇಕು. ಆಕೆ ಒಪ್ಪಿದ ಮೇಲೆಯೇ ಅವನ ಉತ್ತರ. ಇದು ಪೂರ್ವಪಕ್ಷದ ಪದ್ಧತಿಯೇ, ಆಟದ ರೂಪದಲ್ಲಿ. ಈ ಒಂದು ಅಭ್ಯಾಸವನ್ನು ತಿಂಗಳು ನಡೆಸಿದರೆ ತರಗತಿಯ ಗದ್ದಲ ಅರ್ಧಕ್ಕೆ ಇಳಿದುದನ್ನು ನಾನು ಕಂಡಿದ್ದೇನೆ.

ಮೂರನೆಯದು ಮೇಷ್ಟರಿಗೆ ಸೇರಿದ ಅಭ್ಯಾಸ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ಪ್ರಾಥಮಿಕ ಶಾಲೆಯ ವಿಜ್ಞಾನದ ತರಗತಿಗಳಲ್ಲಿ ನಡೆಸಿದ ಅಧ್ಯಯನವನ್ನು ೧೯೭೦ರ ದಶಕದಲ್ಲಿ ಪ್ರಕಟಿಸಿದರು. ಉಪಾಧ್ಯಾಯರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಉತ್ತರ ಬಾರದಿದ್ದರೆ ಮುಂದಿನ ಮಗುವಿಗೆ ಹೋಗುತ್ತಿದ್ದರು. ಆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು. ಮಂದಮತಿಗಳೆಂದು ಎಣಿಸಿದ್ದ ಮಕ್ಕಳೂ ಬಾಯಿ ಬಿಟ್ಟರು. ಎರಡು ಸೆಕೆಂಡು ಹೆಚ್ಚು! ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿದರೆ ಸಾಕು. ಆ ವೇದಿಕೆಯ ಮೇಲೆ ಮಾತು ಮರೆತು ನಿಂತ ಹುಡುಗ ನನಗೆ ನೆನಪಾಗುವುದು ಇಲ್ಲಿಯೇ. ಅವನಿಗೆ ಒಂದು ನಿಮಿಷವೇ ದೊರೆತಿತ್ತು. ಆದರೆ ಯೋಚಿಸುವುದಕ್ಕೆ ಅವನದೆಂಬ ಮಾತು ಅವನ ಬಳಿ ಇರಲಿಲ್ಲ.

ಇಂಗ್ಲೆಂಡಿನಲ್ಲಿ ನೀಲ್ ಮರ್ಸರ್ ಮತ್ತು ಅವರ ಸಹೋದ್ಯೋಗಿಗಳು ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಗುಂಪಿನಲ್ಲಿ ಕಾರಣ ಕೊಟ್ಟು, ಕಾರಣ ಕೇಳಿ ಮಾತನಾಡುವ ನಿಯಮಗಳನ್ನು ಕಲಿಸಿ ನೋಡಿದರು. ೧೯೯೯ರಲ್ಲಿ ಪ್ರಕಟವಾದ ಅವರ ವರದಿಯಂತೆ, ಆ ಮಕ್ಕಳ ಮಾತಿನಲ್ಲಿ “ಏಕೆಂದರೆ” ಎಂಬಂಥ ಪದಗಳು ಹೆಚ್ಚಿದುವು. ಅಷ್ಟೇ ಅಲ್ಲದೆ, ಅನಂತರ ಒಬ್ಬೊಬ್ಬರೇ ಕುಳಿತು ಬಿಡಿಸುವ ತರ್ಕದ ಪರೀಕ್ಷೆಯಲ್ಲಿಯೂ ಅವರು ಮುಂದೆ ಬಂದರು. ಹತ್ತು ಜನರೊಡನೆ ಕ್ರಮವಾಗಿ ಮಾತನಾಡಲು ಕಲಿತ ಮಗು ತನ್ನೊಡನೆ ತಾನೂ ಕ್ರಮವಾಗಿ ಮಾತನಾಡಿಕೊಳ್ಳಲು ಕಲಿಯುತ್ತದೆ. ಯೋಚನೆಯೆಂದರೆ ಅದೇ ತಾನೆ?

ಕೂಟದ ಕ್ರಮ

ಇಷ್ಟಾದ ಮೇಲೆ, ಐದನೆಯ ತರಗತಿಯ ಹೊತ್ತಿಗೆ, ನಿಯಮಬದ್ಧವಾದ ಕೂಟವನ್ನು ಆರಂಭಿಸಬಹುದು. ವಿಶ್ವಸ್ಪರ್ಧೆಯ ಎಂಟು ನಿಮಿಷ ಇಲ್ಲಿ ಬೇಡ; ಮಗುವಿಗೆ ಒಂದೂವರೆ ನಿಮಿಷವೇ ಬಹಳ. ನಲವತ್ತು ನಿಮಿಷದ ಒಂದು ಪಿರಿಯಡ್ಡಿನಲ್ಲಿ ಎಲ್ಲವೂ ಮುಗಿಯುವಂತೆ ಲೆಕ್ಕ ಹೀಗಿರಲಿ.

ಮೊದಲು ವಿಷಯವನ್ನು ಕಪ್ಪುಹಲಗೆಯ ಮೇಲೆ ಬರೆದು ಇಡೀ ತರಗತಿಯ ಮತ ಎಣಿಸಿ ಬರೆದಿಡಬೇಕು. ಮುಂದಿನ ಹತ್ತು ನಿಮಿಷ ಸಿದ್ಧತೆ. ತರಗತಿಯ ಒಂದು ಅರ್ಧ ಪರವಾಗಿ, ಇನ್ನೊಂದು ಅರ್ಧ ವಿರೋಧವಾಗಿ ಕಾರಣಗಳನ್ನು ಹುಡುಕಿ ತಮ್ಮ ಮೂವರು ಭಾಷಣಕಾರರಿಗೆ ಒದಗಿಸಬೇಕು. ಪರದ ಮೊದಲನೆಯವರು, ವಿರೋಧದ ಮೊದಲನೆಯವರು ಹೀಗೆ ಒಬ್ಬರಾದ ಮೇಲೊಬ್ಬರು ಆರು ಮಂದಿ ಒಂದೂವರೆ ನಿಮಿಷದಂತೆ ಮಾತನಾಡಿದರೆ ಒಂಬತ್ತು ನಿಮಿಷ. ಮೊದಲನೆಯವರ ಕೆಲಸ ತಮ್ಮ ಪಕ್ಷವನ್ನು ಮಂಡಿಸುವುದು. ಎರಡನೆಯವರದು ಎದುರಿನವರ ಒಂದು ಕಾರಣಕ್ಕೆ ಉತ್ತರ ಕೊಟ್ಟು ತಮ್ಮದೊಂದನ್ನು ಸೇರಿಸುವುದು. ಮೂರನೆಯವರದು ಬರಿಯ ಉತ್ತರ. ಅನಂತರ ಹತ್ತು ನಿಮಿಷ ಸಭೆಗೆ ಸೇರಿದ್ದು. ಕುಳಿತವರಲ್ಲಿ ಯಾರು ಬೇಕಾದರೂ ಕೈಯೆತ್ತಿ ಒಂದು ಪ್ರಶ್ನೆ ಕೇಳಬಹುದು, ಒಂದು ಕಾರಣ ಹೇಳಬಹುದು. ಕೊನೆಗೆ ಎರಡು ಪಕ್ಷದವರೂ ಒಂದೊಂದು ನಿಮಿಷದಲ್ಲಿ ಸಾರಾಂಶ ಹೇಳಿ, ಮತ್ತೆ ಮತ ಎಣಿಸಿ, ತೀರ್ಪು ಕೇಳುವುದಕ್ಕೆ ಐದಾರು ನಿಮಿಷ.

ಅಧ್ಯಕ್ಷತೆಯನ್ನೂ ಮಗುವೇ ವಹಿಸಲಿ. ಹೆಸರು ಕರೆಯುವುದು, ಹೊತ್ತು ಮೀರಿದಾಗ ಗಂಟೆ ಬಾರಿಸುವುದು, ಗದ್ದಲವಾದಾಗ ಎದ್ದು ನಿಲ್ಲುವುದು ಈ ಅಧಿಕಾರಗಳು ಮಗುವಿನ ಕೈಗೆ ಬಂದಾಗ ಅದರ ಬೆನ್ನು ನೆಟ್ಟಗಾಗುವುದನ್ನು ನೋಡಬೇಕು. ತರಗತಿಯ ತಂಟೆಕೋರನನ್ನು ಒಮ್ಮೆ ಅಧ್ಯಕ್ಷನನ್ನಾಗಿ ಮಾಡಿ ನೋಡಿ; ಸಭಾಮರ್ಯಾದೆ ಅವನಿಗಿಂತ ಹೆಚ್ಚು ಕಟ್ಟುನಿಟ್ಟಾಗಿ ಯಾರೂ ನಡೆಸಲಾರರು.

ಎರಡು ಸಲ ಮತ ಎಣಿಸುವುದೇಕೆಂದು ನೀವು ಕೇಳಬಹುದು. ನಲವತ್ತು ಮಕ್ಕಳಲ್ಲಿ ಮೊದಲು ಮೂವತ್ತು ಮಂದಿ ಪರವಾಗಿಯೂ ಹತ್ತು ಮಂದಿ ವಿರೋಧವಾಗಿಯೂ ಇದ್ದರೆನ್ನಿ. ಕೊನೆಗೆ ಅದು ಇಪ್ಪತ್ತನಾಲ್ಕು, ಹದಿನಾರು ಆಯಿತು. ತಲೆಯೆಣಿಕೆಯಲ್ಲಿ ಪರ ಪಕ್ಷವೇ ಮುಂದು. ಆದರೂ ಆರು ಮನಸ್ಸುಗಳನ್ನು ಒಲಿಸಿಕೊಂಡದ್ದು ವಿರೋಧ ಪಕ್ಷ. ಚರ್ಚೆಯನ್ನು ಗೆದ್ದವರು ಅವರೇ. ಅಲ್ಪಸಂಖ್ಯೆಯ ಪಕ್ಷದಲ್ಲಿ ನಿಂತರೂ ಮಾತಿಗೆ ಬೆಲೆಯುಂಟೆಂದು ಮಕ್ಕಳಿಗೆ ಇದರಿಂದ ತಿಳಿಯುತ್ತದೆ.

ವಿಷಯ ಮತ್ತು ತೀರ್ಪು

“ವಿಜ್ಞಾನ ವರವೋ ಶಾಪವೋ” ಎಂಬಂಥ ವಿಷಯಗಳನ್ನು ಮಕ್ಕಳಿಗೆ ಕೊಡಬೇಡಿ. ಅಂಥವನ್ನು ಕೊಟ್ಟರೆ ಮಗು ಅಪ್ಪನ ಬಳಿ ಬರುತ್ತದೆ, ಅಪ್ಪ ಬರೆದುಕೊಡುತ್ತಾರೆ, ಮತ್ತೆ ಗಿಳಿಪಾಠ. ವಿಷಯ ಮಗುವಿನ ಅನುಭವದ ಒಳಗೆ ಇರಬೇಕು. ಎರಡು ಪಕ್ಷಕ್ಕೂ ನಿಜವಾದ ಕಾರಣಗಳಿರಬೇಕು. ಭೂಮಿ ದುಂಡಗಿದೆಯೆ ಎಂಬುದು ಚರ್ಚೆಯ ವಿಷಯವಾಗದು. ಅದಕ್ಕೆ ಪುಸ್ತಕ ತೆರೆಯಬೇಕು. ಮನೆಗೆಲಸದ ಲೆಕ್ಕ ಪ್ರತಿದಿನ ಬೇಕೆ, ಸಮವಸ್ತ್ರ ಇರಬೇಕೆ, ತರಗತಿಯ ಮುಂದಾಳನ್ನು ಮೇಷ್ಟರು ಆರಿಸಬೇಕೆ ಮಕ್ಕಳೇ ಆರಿಸಬೇಕೆ, ಮನೆಯಲ್ಲಿ ಫೋನು ನೋಡುವುದಕ್ಕೆ ಹೊತ್ತು ಗೊತ್ತುಮಾಡಬೇಕೆ—ಇವು ಒಳ್ಳೆಯ ವಿಷಯಗಳು. ಯಾವ ಮಗುವಿನ ಜಾತಿ, ಮತ, ಬಡತನ, ಮೈಯ ರೂಪ ಇವುಗಳನ್ನು ಮುಟ್ಟುವ ವಿಷಯ ಎಂದಿಗೂ ಬೇಡ.

ತೀರ್ಪಿನ ವಿಚಾರ. ಹತ್ತು ಅಂಕಗಳಲ್ಲಿ ನಾಲ್ಕು ಕಾರಣಕ್ಕೆ, ನಾಲ್ಕು ಎದುರಿನವರ ಮಾತಿಗೆ ಕೊಟ್ಟ ಉತ್ತರಕ್ಕೆ, ಎರಡು ಮರ್ಯಾದೆಗೆ. ದೊಡ್ಡ ದನಿಗೂ ಕೈ ಬೀಸಿದ್ದಕ್ಕೂ ಅಂಕವಿಲ್ಲ. ಭಾಷೆಯ ತಪ್ಪಿಗೆ ಅಂಕ ಕಳೆಯುವುದೂ ಬೇಡ. ಧಾರವಾಡದ ಮಗು “ಯಾಕಂದ್ರ” ಎನ್ನಲಿ, ಮಂಗಳೂರಿನದು ತನ್ನ ಧಾಟಿಯಲ್ಲಿ ಹೇಳಲಿ. ಮನೆಯಲ್ಲಿ ತುಳು, ಉರ್ದು, ತೆಲುಗು ಆಡುವ ಮಗು ಪದ ಸಿಕ್ಕದಾಗ ತನ್ನ ಮಾತನ್ನು ಬೆರೆಸಲಿ. ಯೋಚನೆ ಹರಿಯುತ್ತಿರುವಾಗ ವ್ಯಾಕರಣದ ಕಟ್ಟೆ ಹಾಕಿದರೆ ಯೋಚನೆಯೇ ನಿಂತುಹೋಗುತ್ತದೆ. ವ್ಯಾಕರಣಕ್ಕೆ ಮರುದಿನ ಪಾಠವಿದೆ.

ಇಲ್ಲಿ ಒಂದು ದಿನದ ಸಂಗತಿಯನ್ನು ಹೇಳಬೇಕು. ನನ್ನ ಐದನೆಯ ತರಗತಿಯಲ್ಲಿ “ಮಧ್ಯಾಹ್ನದ ಬಿಡುವಿನಲ್ಲಿ ಆಟದ ಬಯಲನ್ನು ದೊಡ್ಡ ತರಗತಿಗಳಿಗೆ ಬಿಟ್ಟುಕೊಡಬೇಕು” ಎಂಬ ವಿಷಯ. ಎರಡು ಪಕ್ಷದಲ್ಲಿಯೂ ಹುಡುಗರು ಬಿರುಸಾಗಿ ಮಾತನಾಡಿದರು. ದೊಡ್ಡವರಿಗೆ ಪಂದ್ಯಗಳಿವೆ, ಅಭ್ಯಾಸ ಬೇಕು ಎಂದು ಇವರು. ಚಿಕ್ಕವರಿಗೂ ಮೈಬೆಳವಣಿಗೆ ಬೇಕು ಎಂದು ಅವರು. ಸಭೆಯ ಸರದಿ ಬಂತು. ವರ್ಷವೆಲ್ಲ ಬಾಯಿ ಬಿಡದ ಹುಡುಗಿಯೊಬ್ಬಳು ಹಿಂದಿನ ಸಾಲಿನಿಂದ ಕೈಯೆತ್ತಿದಳು. ಎದ್ದು ನಿಂತು ಸುಮ್ಮನಿದ್ದಳು. ನಾನು ಮೂರು ಎಣಿಸಿದೆ, ಐದೂ ಎಣಿಸಿದೆ. ಆಗ ಅವಳು ಹೇಳಿದಳು: “ಬಯಲು ನಮ್ಮ ಕ್ಲಾಸಿಗೆ ಸಿಕ್ಕಿದ ದಿನಾನೂ ನಾವು ಹುಡುಗೀರು ಜಗಲೀ ಮೇಲೇ ನಿಂತಿರ್ತೀವಿ ಸಾರ್. ಅದು ಯಾರಿಗೆ ಸಿಕ್ಕಿದ್ರೂ ನಮಗೆ ಒಂದೇ.”

ತರಗತಿ ನಿಶ್ಶಬ್ದವಾಯಿತು. ನಾನು ಆ ಶಾಲೆಯಲ್ಲಿ ಆರು ವರ್ಷದಿಂದ ಇದ್ದೆ. ದಿನವೂ ಆ ಜಗಲಿಯ ಮೇಲೆಯೇ ನಡೆದು ಹೋಗುತ್ತಿದ್ದೆ. ಅಲ್ಲಿ ನಿಂತ ಹುಡುಗಿಯರನ್ನು ಕಂಡಿದ್ದೆ. ಏಕೆ ನಿಂತಿದ್ದಾರೆಂದು ಒಂದು ದಿನವೂ ಕೇಳಿರಲಿಲ್ಲ. ಆ ದಿನದ ಮತ ಎಣಿಕೆಯನ್ನು ಬಿಟ್ಟು, ಮಕ್ಕಳು ತಮ್ಮ ಮಾತನ್ನು ಒಂದು ಅರ್ಜಿಯಾಗಿ ಬರೆದು ಮುಖ್ಯೋಪಾಧ್ಯಾಯರ ಬಳಿಗೆ ಒಯ್ದರು. ವಾರಕ್ಕೆ ಎರಡು ದಿನ ಬಯಲು ಹುಡುಗಿಯರಿಗೆ ಎಂದು ಗೊತ್ತಾಯಿತು. ಅರ್ಜಿಯಲ್ಲಿ ಮೊದಲ ಸಹಿ ಹಾಕಿದವನು ಪರ ಪಕ್ಷದ ಮುಂದಾಳು ಹುಡುಗ. ಚರ್ಚಾಕೂಟ ಏತಕ್ಕೆ ಬೇಕೆಂದು ಯಾರಾದರೂ ಕೇಳಿದರೆ ನಾನು ಬೇರೆ ಉತ್ತರ ಹುಡುಕುವುದಿಲ್ಲ.

ಎರಡು ಆಕ್ಷೇಪಗಳು

“ಇದೆಲ್ಲ ಕಲಿಸಿದರೆ ಮಕ್ಕಳು ಮನೆಯಲ್ಲಿ ಎದುರು ಮಾತನಾಡುವುದಿಲ್ಲವೆ?” ಎಂದು ತಂದೆತಾಯಿಗಳು ಕೇಳುತ್ತಾರೆ. ಕೇಳತಕ್ಕ ಮಾತೇ. ಮೊದಲ ಕೆಲವು ವಾರ ಮಾತನಾಡುತ್ತಾರೆಂದು ಒಪ್ಪಿಕೊಳ್ಳುತ್ತೇನೆ. ಮಲಗು ಎಂದರೆ “ಏಕೆ” ಎನ್ನುತ್ತಾರೆ. ಆದರೆ ಕಾರಣ ಕೇಳುವ ಹಕ್ಕಿನ ಜೊತೆಗೆ ಕಾರಣ ಕೊಡುವ ಹೊಣೆಯೂ ಅವರಿಗೆ ಬಂದಿರುತ್ತದೆ. “ಬೇಡ ಅಂದರೆ ಬೇಡ” ಎಂದು ನೆಲಕ್ಕೆ ಕಾಲು ಅಪ್ಪಳಿಸುತ್ತಿದ್ದ ಮಗು ಈಗ “ಬೇಡ, ಏಕೆಂದರೆ” ಎಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಮಾತನಾಡಲು ದಾರಿ ಇದೆ. ಹಿರಿಯರ ಮಾತೇ ಕೊನೆಯದಾಗಬೇಕಾದ ಸಂದರ್ಭಗಳೂ ಉಂಟು. ಕಾಯಿಲೆ, ಅಪಾಯ, ಹೊತ್ತು ಮೀರಿದುದು. ಅದನ್ನೂ ನೇರವಾಗಿ ಹೇಳಿಬಿಡಿ: “ಇದು ಚರ್ಚೆಯ ವಿಷಯವಲ್ಲ, ಕಾರಣ ನಾಳೆ ಹೇಳುತ್ತೇನೆ.” ನಾಳೆ ಮರೆಯದೆ ಹೇಳಿ. ಮಕ್ಕಳು ಮರೆಯುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ತಾನು ನಂಬದ ಪಕ್ಷವನ್ನು ಮಗು ಹಿಡಿದು ವಾದಿಸುವುದು ಸುಳ್ಳು ಹೇಳುವ ಅಭ್ಯಾಸವಾಗದೆ? ಇದಕ್ಕೆ ನಮ್ಮ ತಾಳಮದ್ದಳೆಯನ್ನು ನೆನೆಯಬೇಕು. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಎದುರುಬದುರು ಕುಳಿತು ಮಾತಿನಲ್ಲಿಯೇ ಪ್ರಸಂಗವನ್ನು ಕಟ್ಟುತ್ತಾರೆ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದುದು ಯಾವ ಧರ್ಮವೆಂದು ರಾಮನನ್ನು ಕೇಳುತ್ತಾನೆ. ರಾಮ ಉತ್ತರ ಕೊಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥ (೧೯೧೮–೨೦೦೬) ಹಿರಿಯ ಅರ್ಥಧಾರಿಗಳ ಮಾತನ್ನು ಕೇಳುವುದಕ್ಕೆ ಜನ ರಾತ್ರಿಯೆಲ್ಲ ನಿದ್ದೆಗೆಟ್ಟು ಕೂರುತ್ತಿದ್ದರು. ಇಂದು ರಾಮನಾದವರು ನಾಳೆ ವಾಲಿಯಾಗಬಹುದು. ಅದನ್ನು ಸುಳ್ಳೆಂದು ಯಾರೂ ಹೇಳಿಲ್ಲ. ಇನ್ನೊಬ್ಬನ ಜಾಗದಲ್ಲಿ ಕುಳಿತು ಲೋಕವನ್ನು ನೋಡುವ ವಿದ್ಯೆಯೆಂದು ಬಲ್ಲೆವು. ಮಕ್ಕಳಿಗೂ ಹಾಗೆಯೇ ಹೇಳಿಕೊಡಿ. ಕೂಟ ಮುಗಿದ ಮೇಲೆ ಮಾತ್ರ “ಈಗ ನಿನ್ನ ನಿಜವಾದ ಅಭಿಪ್ರಾಯ ಏನು?” ಎಂದು ತಪ್ಪದೆ ಕೇಳಬೇಕು. ಪಾತ್ರವನ್ನು ಕಳಚಿಟ್ಟು ತಾನಾಗುವುದಕ್ಕೆ ಮಗುವಿಗೆ ಅವಕಾಶ ಇರಬೇಕು.

ನಮ್ಮ ದೇಶದ ಸಂವಿಧಾನವೇ ಚರ್ಚೆಯಿಂದ ಹುಟ್ಟಿದುದು. ೧೯೪೬ರ ಡಿಸೆಂಬರ್ ೯ರಂದು ಸೇರಿದ ಸಂವಿಧಾನ ಸಭೆ ೧೯೪೯ರ ನವೆಂಬರ್ ೨೬ರಂದು ಅದನ್ನು ಅಂಗೀಕರಿಸುವವರೆಗೆ ಸುಮಾರು ಮೂರು ವರ್ಷ ಹಿಡಿಯಿತು. ಕರಡಿಗೆ ೭,೬೩೫ ತಿದ್ದುಪಡಿಗಳ ಸೂಚನೆ ಬಂದಿತ್ತು; ಅವುಗಳಲ್ಲಿ ೨,೪೭೩ನ್ನು ಸಭೆಯಲ್ಲಿ ಮಂಡಿಸಿದರು. ಒಬ್ಬರಿಗೊಬ್ಬರು ಒಪ್ಪದವರು ಒಂದೇ ಮನೆಯಲ್ಲಿ ಕುಳಿತು, ಅಧ್ಯಕ್ಷರ ಗಂಟೆಗೆ ತಲೆಬಾಗಿ, ಒಂದು ಗ್ರಂಥವನ್ನು ಮುಗಿಸಿದರು. ಮಕ್ಕಳ ಮಾತಿಗೂ ಕಾನೂನಿನ ಬೆಂಬಲವುಂಟು. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ೧೯೮೯ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಹನ್ನೆರಡನೆಯ ವಿಧಿ ಅವರಿಗೆ ಕೊಟ್ಟಿದೆ. ಭಾರತ ೧೯೯೨ರಲ್ಲಿ ಅದನ್ನು ಒಪ್ಪಿಕೊಂಡಿತು. ಹಕ್ಕು ಕಾಗದದ ಮೇಲಿದ್ದರೆ ಸಾಲದು. ಅದನ್ನು ಬಳಸುವ ನಾಲಗೆಯೂ ಕಿವಿಯೂ ಬೇಕು.

ಮನೆಯಲ್ಲಿ ನೀವು ಮಾಡಬಹುದಾದದ್ದು

ಶಾಲೆ ಆರಂಭಿಸಲಿ ಎಂದು ಕಾಯಬೇಕಾಗಿಲ್ಲ. ರೇಡಿಯೋದಲ್ಲಿ ಚರ್ಚೆಯೋ ಸಂವಾದವೋ ಬರುವಾಗ ಮಕ್ಕಳೊಡನೆ ಕುಳಿತು ಕೇಳಿ. ಮುಖ ಕಾಣದೆ ಮಾತು ಮಾತ್ರ ಕೇಳುವುದರಿಂದ ಗಮನ ಕಾರಣದ ಮೇಲೆಯೇ ನಿಲ್ಲುತ್ತದೆ. ಒಬ್ಬರು ಮಾತು ಮುಗಿಸಿದೊಡನೆ ದನಿ ತಗ್ಗಿಸಿ, “ಇವರು ಹೇಳಿದ್ದೇನು? ನೀನಾಗಿದ್ದರೆ ಏನು ಉತ್ತರ ಕೊಡುತ್ತಿದ್ದೆ?” ಎಂದು ಕೇಳಿ. ಊಟದ ಹೊತ್ತಿನಲ್ಲಿ ವಾರಕ್ಕೊಂದು ಸಣ್ಣ ವಿಷಯ ಎತ್ತಿ. ಅಜ್ಜನೂ ಮೊಮ್ಮಗಳೂ ಒಂದು ಪಕ್ಷವಾಗಲಿ. ಮಗುವಿನ ಕಾರಣ ನಿಮ್ಮದಕ್ಕಿಂತ ಮೇಲೆಂದು ಕಂಡ ದಿನ ಬಾಯಿಬಿಟ್ಟು ಒಪ್ಪಿಕೊಳ್ಳಿ. ದೊಡ್ಡವರು ಗೆರೆ ದಾಟುವುದನ್ನು ಕಾಣದ ಮಗು ತಾನೂ ದಾಟಲಾರದು.

ಇನ್ನು ರೇಡಿಯೋದ ಗುಂಡಿಯ ಜಗಳ. ಈ ಸಂಜೆಯೂ ಅದು ಆರಂಭವಾದರೆ, ನಿಲ್ಲಿಸುವ ಮೊದಲು ಗಡಿಯಾರ ನೋಡಿ ಇಬ್ಬರಿಗೂ ಒಂದೊಂದು ನಿಮಿಷ ಕೊಡಿ. ಅಕ್ಕ ತಮ್ಮನ ಮಾತನ್ನೂ ತಮ್ಮ ಅಕ್ಕನ ಮಾತನ್ನೂ ಮೊದಲು ತಿರುಗಿ ಹೇಳಲಿ. ಮೊದಲ ದಿನ ಅದು ಅಷ್ಟು ಚೆನ್ನಾಗಿ ನಡೆಯದು. ಹಾಡೂ ಮುಗಿದುಹೋದೀತು, ಆಟವೂ ಮುಗಿದುಹೋದೀತು. ಹತ್ತನೆಯ ದಿನ ಅವರು ನಿಮ್ಮನ್ನು ಕರೆಯದೆಯೇ ಒಪ್ಪಂದಕ್ಕೆ ಬಂದಿದ್ದರೆ, ಅವರ ಮುಂದಿನ ವಿಷಯ ಬಹುಶಃ ನಿಮ್ಮ ವಾರ್ತೆಯ ಹೊತ್ತನ್ನು ಕುರಿತದ್ದಾಗಿರುತ್ತದೆ. ನೀವೂ ಒಂದು ನಿಮಿಷಕ್ಕೆ ಸಿದ್ಧರಾಗಿರಿ.